ಅರ್ಧ ಕರೆಂಟಿನ ಸಾಹೇಬರು

ದೂರದ ರಾಜ್ಯಗಳಿಂದ ಹರಿದುಬರುವ ಡಿಸಿ ವಿದ್ಯುತ್ತನ್ನು ಎಸಿಗೆ ಬದಲಿಸಿ ನಮ್ಮ ಜಾಲಕ್ಕೆ ಸೇರಿಸುವ ಕಾರ್ಯದಲ್ಲಿ ಬಳ್ಳಾರಿ ಸೀಮೆಯ ಮೊದಲ ಹೆಸರು ಶ್ರೀ ಹಂಪಯ್ಯನವರದು. ವಿದ್ಯುತ್ತನ್ನು ಕಳಿಸುವವರಿಗೆ ಸನ್ಮಾನಗಳು ದೊರೆಯುತ್ತವೆ. ಬಂದದ್ದನ್ನು ತಾಳಿಕೊಳ್ಳುವ ಕಡೆ ದುಡಿದವರಿಗೆ ದೊರೆಯುವುದು ವಿವರಣೆ ಕೇಳುವ ನೋಟಿಸು. ಹಂಪಯ್ಯನವರಿಗೆ ಅಂಥವು ಬೇಕಾದಷ್ಟು ಬಂದವು. ಬಹುಕಾಲ ಅವರ ಕೈಕೆಳಗೆ ದುಡಿದ ನಾನು ದಣಿದ ಮನಸ್ಸಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಸಿರುಗುಪ್ಪದಲ್ಲಿ ಕಿರಿಯ ಎಂಜಿನಿಯರಾಗಿ ಸೇರಿ, ತೆಕ್ಕಲಕೋಟೆಯ ಉಪಕೇಂದ್ರದಲ್ಲಿ ವರ್ಷಗಟ್ಟಲೆ ಜೀವ ತೇದು, ಕುರುಗೋಡಿನ ಬಳಿ ಡಿಸಿ ವಿದ್ಯುತ್ತನ್ನು ಬರಮಾಡಿಕೊಳ್ಳುವ ಹೊಸ ಕೇಂದ್ರವಾದಾಗ ಅವರು ಅದರ ಮುಖ್ಯಸ್ಥರಾದರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ನನ್ನ ಪಾಳಿಯನ್ನೂ ತಾವೇ ಮಾಡಿದರು. ಆ ಮಾತನ್ನು ಇಂದಿಗೂ ಎತ್ತಿಲ್ಲ.

ಕೇಂದ್ರ ಪೂರ್ತಿ ವಿದ್ಯುತ್ತಿಗೆ ಏರಿದ ಮೇಲಿನ ಮೊದಲ ಭತ್ತದ ನಾಟಿಯಲ್ಲೇ ಪೆಟ್ಟು ಬಿತ್ತು. ಎಲ್ಲೋ ತಂತಿ ತಾಗಿ ವೋಲ್ಟೇಜು ಕ್ಷಣಕಾಲ ಕುಸಿದರೆ ಗದ್ದೆಯ ಪಂಪುಗಳೆಲ್ಲ ನಿಂತು, ಕರೆಂಟು ಮರಳಿದೊಡನೆ ಆಟೋ ಸ್ಟಾರ್ಟರಿನಿಂದ ಒಟ್ಟಿಗೇ ಶುರುವಾಗುತ್ತಿದ್ದವು. ಆ ಎಳೆತಕ್ಕೆ ಎಸಿ ಜಾಲ ಬಸವಳಿಯುತ್ತಿತ್ತು. ಅದರ ಆಸರೆಯಿಲ್ಲದೆ ಡಿಸಿ ವಿದ್ಯುತ್ತೂ ಒಳಬರಲಾರದೆ ನಿಂತುಬಿಡುತ್ತಿತ್ತು. ಮೇಲಿನವರು ತಪ್ಪು ರೈತರದೆಂದು ತೀರ್ಮಾನಿಸಿದರು.

ಪಂಪುಗಳ ಆಟೋ ಸ್ಟಾರ್ಟರು ತೆಗೆಸಲೆಂದು ಸಾಹೇಬರು ನನ್ನನ್ನು ಕರೆದುಕೊಂಡು ಸಿರಿಗೇರಿ, ದೇಶನೂರು ಸುತ್ತಿದರು. ದೇಶನೂರಿನ ಪಕ್ಕೀರಮ್ಮ ಎಂಬ ರೈತ ಮಹಿಳೆ ಬದುವಿನ ಮೇಲೆಯೇ ನಿಲ್ಲಿಸಿ ಕೇಳಿದರು: "ಆಟೋ ತೆಗದ್ರ ಕರೆಂಟ್ ಬಂದಾಗೊಮ್ಮೆ ಗದ್ದಿಗೆ ಓಡಾಕ ನನ್ನ ಕಾಲಾಗ ಶಕ್ತಿ ಎಲ್ಲೈತ್ರಿ ಸಾಹೇಬ್ರ? ನೀವು ಬಂದು ಮೋಟ್ರ್ ಹಾಕ್ತೀರೇನು?"

ಸಾಹೇಬರು ಜೀಪು ಹತ್ತಿದ ಮೇಲೆ ನನಗೆ ಹೇಳಿದರು: "ಆಕಿ ಹೇಳಾದು ಖರೆ ಐತಿ. ಕಸುವಿಲ್ಲದ್ದು ನಮ್ಮ ಜಾಲಕ್ಕ. ಆಕಿ ಯಾಕ ಓಡಬೇಕು?"

ಜಾಲ ತಾಳುವುದು ಅಷ್ಟೇ ಎಂದು ಅಂದಿನಿಂದ ನಾಟಿಯ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತು ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಸದಾ ತಿರುಗುತ್ತಿದ್ದು ವೋಲ್ಟೇಜನ್ನು ಹಿಡಿದು ನಿಲ್ಲಿಸುವ ದೊಡ್ಡ ಯಂತ್ರವೊಂದನ್ನು ಕೊಡಿ, ಪೂರ್ತಿ ತೆಗೆದುಕೊಳ್ಳುತ್ತೇನೆ ಎಂದರು. ಸಭೆಗಳಲ್ಲಿ ಮೇಲಿನವರು 'ಅರ್ಧ ಕರೆಂಟಿನ ಸಾಹೇಬರು' ಎಂದು ನಕ್ಕರು. ಬಡ್ತಿ ಎರಡು ಸಲ ಕೈತಪ್ಪಿತು. ಗದ್ದೆಗಳಿಗೆ ಕರೆಂಟು ಕಡಿಮೆ ಹೊತ್ತು ಬಂದರೂ ಬಂದಷ್ಟು ಹೊತ್ತು ನಿಂತಿತು, ನಾಟಿ ಉಳಿಯಿತು. ಯಂತ್ರ ಮಂಜೂರಾಯಿತು, ಟೆಂಡರಾಯಿತು, ಟೆಂಡರು ರದ್ದಾಯಿತು, ಮತ್ತೆ ಮಂಜೂರಾಯಿತು. ಅದಕ್ಕೆಂದು ಹಾಕಿದ ಅಡಿಪಾಯದ ಮೇಲೆ ಈಗ ಕಾವಲುಗಾರರು ಬಟ್ಟೆ ಒಣಹಾಕುತ್ತಾರೆ. ಮೊದಲೆಲ್ಲ ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು, ಈಗ ಅದೂ ಬರುವುದಿಲ್ಲ.

ಕಳೆದ ವಾರ ನಿವೃತ್ತರಾಗಿ ಅಧಿಕಾರವನ್ನು ನನಗೆ ಒಪ್ಪಿಸುವಾಗ, "ಯಂತ್ರ ಬರೂತನಕ ಅರ್ಧಕ್ಕ ನಿಲ್ಲಸ್ರಿ. ಬಡ್ತಿ ಹೋದ್ರ ನನ್ನ ಬೈರಿ," ಎಂದರು. ಈ ನಾಟಿಗೆ ಪೂರ್ತಿ ಏರಿಸಿರೆಂಬ ಆದೇಶ ಮರುದಿನವೇ ಬಂತು. ನಾನೂ ಅರ್ಧವೆಂದೇ ಬರೆದು ಕಳಿಸಿದೆ.

ಶ್ರೀ ಹಂಪಯ್ಯನವರು ಇನ್ನಾದರೂ ನೆಮ್ಮದಿಯಾಗಿರಲಿ. ಆ ಯಂತ್ರ ಬಂದು ತಿರುಗುವುದನ್ನು ಕಣ್ಣಾರೆ ಕಾಣುವಷ್ಟು ಆಯುಷ್ಯ ಅವರಿಗಿರಲಿ. ನಮ್ಮ ಕಚೇರಿಗಳ ನಡಿಗೆಯನ್ನು ಬಲ್ಲ ನಾನು ನೂರು ವರ್ಷವೆಂದು ಹಾರೈಸಲಾರೆ, ಅದು ಸಾಲಲಿಕ್ಕಿಲ್ಲ.