ಮೌಲಾ ಸಾಬರು ವಾಪಸ್ ಕೇಳಿದ ದನಿ

ಹರಿಹರದ ಮೌಲಾ ಸಾಬರನ್ನು ಮುಖ ನೋಡಿ ಗುರುತು ಹಿಡಿಯುವವರು ಕಡಿಮೆ. ಬಾಯಿ ತೆರೆದರೆ ಮಾತ್ರ ಮಾಯಕೊಂಡದ ಹೋಟೆಲಿನವನೂ ತಿರುಗಿ ನೋಡುತ್ತಾನೆ. ಮೂವತ್ತೊಂದು ವರ್ಷ ಆಟೋದ ತಲೆ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಊರೂರು ಸುತ್ತಿ ಕೂಗಿದ ದನಿ ಅದು. ಪೋಲಿಯೋ ಹನಿ, ಎರಡು ದಿನ ಬಾರದ ನಲ್ಲಿ ನೀರು, ಕಂಬಳಿ ಸೇಲು, ಕಳೆದುಹೋದ ಎಮ್ಮೆ, ಎಲ್ಲ ಆ ಗಂಟಲಿನಿಂದಲೇ ಹೊರಟದ್ದು. ಈಗಿನವರು ಪೆನ್‌ಡ್ರೈವಿಗೆ ರೆಕಾರ್ಡ್ ಮಾಡಿ ಹಚ್ಚಿಬಿಡುತ್ತಾರೆ. ಮುಂದೆ ಜನ ಇದ್ದಾರೋ ಇಲ್ಲವೋ ನೋಡದೆ ಕೂಗುವುದು ಎಂಥ ಕೂಗು ಎಂದು ಸಾಬರು ಅವರನ್ನು ಬೈಯುತ್ತಿದ್ದರು. ಅಂಥ ಮನುಷ್ಯ ಈ ಮಳೆಗಾಲದಲ್ಲಿ, ಎದುರಿಗೆ ಯಾರೂ ಇಲ್ಲದ ಕೋಣೆಯಲ್ಲಿ ಕೂತು, ಒಂದು ಹಾಳೆಯನ್ನು ಫೋನಿಗೆ ಓದಿಕೊಟ್ಟರು. ಅದೂ ಒಂದು ಟೀ ಕುಡಿದು, "ನಿಮ್ಮಂಥ ದನಿ ಜಿಲ್ಲೆಯಾಗೇ ಇಲ್ಲ ಸಾಬ್ರೆ" ಎಂಬ ಹೊಗಳಿಕೆಗೆ ಉಬ್ಬಿ.

ಅದಾದ ಹತ್ತನೇ ದಿನ ಬೆಳಿಗ್ಗೆ ಮಗಳು ಗುಲ್ನಾಜ್ ದಾವಣಗೆರೆಯಿಂದ ಬಂದಳು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಅವಳು ನರ್ಸು. ಹೆಗಲಿನ ಬ್ಯಾಗನ್ನೂ ಇಳಿಸದೆ, ನಾಷ್ಟಾ ಮಾಡುತ್ತಿದ್ದ ತಂದೆಯ ತಟ್ಟೆಯ ಪಕ್ಕ ಫೋನಿಟ್ಟು ಒತ್ತಿದಳು.

"ಬಂಧುಗಳೇ, ಡೆಂಗಿ ಜ್ವರಕ್ಕೆ ಹೆದರಬೇಡಿ. ಪಪ್ಪಾಯಿ ಎಲೆಯ ರಸ ಏಳು ದಿನ ಕುಡಿಸಿ. ಏಳು ದಿನ ಮೈಗೆ ಸೂಜಿ ತಾಗಿಸಬೇಡಿ, ಆಸ್ಪತ್ರೆಯ ಮೆಟ್ಟಿಲು ಹತ್ತಬೇಡಿ. ಇದು ಸುಳ್ಳು ಎಂದು ಹೇಳಲು ಯಾರಾದರೂ ಬಾಗಿಲಿಗೆ ಬಂದರೆ ನಂಬಬೇಡಿ. ಅವರು ಆಸ್ಪತ್ರೆಯವರ ಕಡೆಯವರು."

ಸಾಬರಿಗೆ ಮೊದಲು ಬಂದದ್ದು ಹೆಮ್ಮೆಯೇ. ದನಿ ಎಷ್ಟು ಸ್ಪಷ್ಟವಾಗಿತ್ತು! ಆಮೇಲೆ ಮಗಳ ಮುಖ ನೋಡಿದರು.

"ಆನಗೋಡು ಕಡೆಯೋನೊಬ್ಬ, ಮೂವತ್ತು ವರ್ಷ," ಎಂದಳು ಗುಲ್ನಾಜ್. "ಐದನೇ ದಿನ ಹೊತ್ಕೊಂಡು ಬಂದ್ರು. ಐಸಿಯು ಒಳಗೆ ಐದಾನೆ. ಅವನ ಹೆಂಡ್ತಿ ಈ ಫೋನ್ ಹಿಡ್ಕೊಂಡು, ಸಾಬ್ರು ಏಳು ದಿನ ಅಂದಿದ್ರು, ನಾವು ಐದಕ್ಕೇ ಕರ್ಕೊಂಡು ಬಂದ್ವಿ, ಅದಕ್ಕೇ ಹಿಂಗಾತು ಅಂತ ಅಳ್ತಾಳೆ. ಅಬ್ಬಾ, ಎಲೆ ರಸ ಕುಡೀಲಿ, ಬಿಡ್ಲಿ. ಆಸ್ಪತ್ರೆಗೆ ಹೋಗಬ್ಯಾಡ್ರಿ ಅಂತ ಯಾಕ ಅಂದ್ರಿ? ಡೆಂಗಿಯೊಳಗೆ ಜ್ವರ ಬಿಟ್ಟ ಮ್ಯಾಲೇ ಅಪಾಯ ಶುರು ಆಗೋದು. ಜನ ಜ್ವರ ಇಳೀತು ಅಂತ ಖುಷಿ ಪಡ್ತಾರೆ, ಅಷ್ಟ್ರಾಗೆ ಮನುಷ್ಯ ಕೈ ಬಿಟ್ಟು ಹೋಗಿರ್ತಾನೆ."

"ನಾನು ಓದಿದ್ದಷ್ಟೇ ಬೇಟಾ. ಹಾಳೆ ಶಿವಮೂರ್ತಿದು."

ಇದು ಅವರ ಮೂವತ್ತೊಂದು ವರ್ಷದ ನೇಮ. ಕೊಟ್ಟ ಹಾಳೆಗೆ ಒಂದು ಅಕ್ಷರ ಸೇರಿಸುವುದಿಲ್ಲ, ಒಂದು ಅಕ್ಷರ ಬಿಡುವುದಿಲ್ಲ. ಮಗಳು ಫೋನೆತ್ತಿಕೊಂಡು ಒಳಗೆ ಹೋದಳು. ಸಾಬರು ತಟ್ಟೆ ಸರಿಸಿ ಎದ್ದರು.

ಶಿವಮೂರ್ತಿಯ ಕೋಣೆ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯ ಮೇಲಿತ್ತು. 'ಹೊಳೆದಂಡೆ ಸುದ್ದಿ' ಎಂಬ ಅವನ ಪೇಜನ್ನು ಅರವತ್ತು ಸಾವಿರ ಜನ ನೋಡುತ್ತಿದ್ದರು. ಎಲ್ಲಿಂದಲೋ ಬಂದ ಡೆಂಗಿಯ ಮಾತನ್ನು ಹಾಳೆಗೆ ಇಳಿಸಿದವನು ಅವನೇ. ಮೋಸಗಾರನಲ್ಲ, ನಂಬಿದ್ದ. ಅವನ ಸೋದರತ್ತೆ ಅದೇ ರಸ ಕುಡಿದು ಎದ್ದು ಓಡಾಡುತ್ತಿದ್ದರು.

"ಅದನ್ನ ತೆಗೀರಿ ಮೂರ್ತಿ," ಎಂದರು ಸಾಬರು ಬಾಗಿಲಲ್ಲೇ ನಿಂತು.

"ಬರ್ರಿ, ಕೂಡ್ರಿ. ತೆಗೆಯೋ ಮಾತು ಮಾತ್ರ ಬ್ಯಾಡ. ನೀರಿನ ವಿಡಿಯೋ ನೆನಪೈತಲ್ಲ?"

ನೆನಪಿಲ್ಲದೆ ಏನು. ಮೂರು ವರ್ಷದ ಹಿಂದೆ ಒಂದು ಓಣಿಯ ನಲ್ಲಿಯಲ್ಲಿ ಚರಂಡಿ ನೀರು ಬರುತ್ತಿದ್ದುದನ್ನು ಶಿವಮೂರ್ತಿ ವಿಡಿಯೋ ಮಾಡಿ ಹಾಕಿದ್ದ. ಜನರನ್ನು ಹೆದರಿಸುವ ಸುಳ್ಳು ಸುದ್ದಿ ಎಂದು ಯಾರೋ ದೂರು ಕೊಟ್ಟರು, ಪೇಜಿನ ಕಂಪನಿಯವರು ತೆಗೆದುಹಾಕಿದರು. ಮುಂದಿನ ವಾರ ಅದೇ ಓಣಿಯಲ್ಲಿ ಮೂವತ್ತು ಜನ ವಾಂತಿಭೇದಿಯಿಂದ ಮಲಗಿದರು. ಅಂದಿನಿಂದ ಡಿಲೀಟ್ ಎಂದರೆ ಅವನ ಮೈಯೆಲ್ಲ ಉರಿಯುತ್ತದೆ. ಆ ಸಿಟ್ಟು ತಪ್ಪು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

"ಯಾವ್ದು ಸುಳ್ಳು ಅಂತ ತೀರ್ಮಾನ ಮಾಡೋರು ಯಾರು ಸಾಬ್ರೆ? ಇವತ್ತು ನೀವು ಬಂದ್ರಿ. ನಾಳೆ ಇನ್ನೊಬ್ರು ಬಂದು ನೀರಿಂದು ತೆಗಿ, ರಸ್ತೇದು ತೆಗಿ ಅಂತಾರೆ. ಮಾತಾಡೋ ಹಕ್ಕು ಅಂತ ಒಂದೈತೋ ಇಲ್ವೋ?"

"ನೀರು ನೀನು ಕಣ್ಣಾರೆ ಕಂಡಿದ್ದು. ಇದನ್ನ ಯಾರು ಕಂಡಾರೆ?" ಸಾಬರು ಒಳಗೆ ಬಂದರು. "ಹಕ್ಕು ಅಂತೀಯ. ಇದು ನನ್ನ ದನಿ, ನಾನೇ ವಾಪಸ್ ಕೇಳಾಕತ್ತೀನಿ. ಆಡಿದ್ದು ತಪ್ಪಾತು ಅಂತ ವಾಪಸ್ ತಗಳ್ಳೋ ಹಕ್ಕು ನನಗಿಲ್ಲೇನು?"

ಶಿವಮೂರ್ತಿ ಕುರ್ಚಿಯನ್ನು ಅವರ ಕಡೆ ಸರಿಸಿದ. "ವಾಪಸ್ ಎಲ್ಲಿಂದ ತಗಂತೀರಿ? ನಾನು ತೆಗೆದ್ರೂ ಎಷ್ಟು ಸಾವಿರ ಫೋನಿನಾಗೆ ಐತೋ. ಒಂದು ಕೆಲ್ಸ ಮಾಡ್ರಿ. ತಪ್ಪಾತು ಅಂತ ನೀವೇ ಹೇಳ್ರಿ, ಈಗ್ಲೇ ಹಾಕ್ತೀನಿ. ಮಾತಿಗೆ ಮಾತು. ಕತ್ತರಿ ಬ್ಯಾಡ."

ಸಾಬರು ಕ್ಯಾಮೆರಾ ಮುಂದೆ ಕೂತು ತಪ್ಪೊಪ್ಪಿಕೊಂಡರು. ಜನರಿಗೆ ಗೊತ್ತಾಗಲಿ ಎಂದು ಶಿವಮೂರ್ತಿ ಹಳೆಯ ಮಾತುಗಳನ್ನೆಲ್ಲ ಕೆಳಗೆ ಅಕ್ಷರದಲ್ಲಿ ಬರೆದು, 'ಇದು ಸುಳ್ಳು, ನಂಬಬೇಡಿ' ಎಂದು ಸೇರಿಸಿ ಹಾಕಿದ. ಎರಡು ಗಂಟೆಯೊಳಗೆ ಕಂಪನಿಯಿಂದ ಸಂದೇಶ ಬಂತು: ಆರೋಗ್ಯದ ಬಗ್ಗೆ ತಪ್ಪು ಮಾಹಿತಿ ಇರುವುದರಿಂದ ಈ ವಿಡಿಯೋ ತೆಗೆಯಲಾಗಿದೆ. ಹಳೆಯದು ಮಾತ್ರ ಹಾಗೇ ಇತ್ತು. ಅದು ಬರೀ ದನಿ. ಯಂತ್ರಕ್ಕೆ ಬರೆದ ಅಕ್ಷರ ಸಿಕ್ಕಿತು, ಅರ್ಥ ಸಿಗಲಿಲ್ಲ.

"ನೋಡಿದ್ರಾ?" ಎಂದ ಶಿವಮೂರ್ತಿ. ಗೆದ್ದವನಂತೆ ನಗಲು ಹೋದ, ನಗು ಬರಲಿಲ್ಲ.

ಸಾಬರಿಗೆ ತಲೆ ಕೆಟ್ಟು ಹೋಯಿತು. ಸುಳ್ಳಿಗಿರುವ ಆಯುಷ್ಯ ನಿಜಕ್ಕಿಲ್ಲವಲ್ಲ ಎಂದು ಸಂಕಟಪಡುತ್ತ ಆಟೋವನ್ನು ಮಾರ್ಕೆಟ್ಟಿಗೆ ತಂದು ಕೆಲಸವಿಲ್ಲದ ದಿನ ನಿಲ್ಲಿಸುವ ಜಾಗದಲ್ಲಿ ನಿಲ್ಲಿಸಿದರು. ಅದರ ಪಕ್ಕದಲ್ಲೇ ಸಾರಥಿ ಊರಿನ ಓಬವ್ವ ಸೊಪ್ಪು, ಟೊಮೆಟೊ ಹರವಿಕೊಂಡು ಕೂರುತ್ತಿದ್ದಳು. ಗಂಡ ಸತ್ತ ಮೇಲೆ ಅದೇ ಬುಟ್ಟಿಯಿಂದ ಮಗಳು ಆಶಾರಾಣಿಯನ್ನು ಓದಿಸಿದವಳು. ಇಂದು ಅವಳ ಜಾಗ ಖಾಲಿ ಇತ್ತು.

"ಮೂರು ದಿನ ಆತು ಬಂದಿಲ್ಲ," ಎಂದಳು ಪಕ್ಕದ ಹೂವಿನವಳು. "ಆಶಾಗೆ ಡೆಂಗಿ ಜ್ವರವಂತೆ. ಓಬವ್ವ ನೀವು ಫೋನಿನಾಗೆ ಹೇಳಿದ್ದನ್ನ ಹಂಗಂಗೇ ಮಾಡ್ತಾಳಂತೆ. ಊರಿನ ಆರೋಗ್ಯ ಕಾರ್ಯಕರ್ತೆ ಬಂದ್ರೂ ಒಳಗೆ ಬಿಟ್ಟಿಲ್ಲ. ಒಳ್ಳೇದಾತು ಬಿಡ್ರಿ, ಬೆಳಿಗ್ಗೆ ಜ್ವರ ಬಿಟ್ಟೈತಂತೆ."

ಜ್ವರ ಬಿಟ್ಟ ಮೇಲೇ ಅಪಾಯ ಶುರು ಎಂದು ಮಗಳು ಅಂದದ್ದು ಆ ಬೆಳಿಗ್ಗೆಯೇ. ಆಟೋ ತಿರುಗಿಸಿ, ಗುಲ್ನಾಜ್‌ಗೆ ಫೋನ್ ಹಚ್ಚಿದರು. ಅವಳು ಒಂದೇ ಮಾತು ಹೇಳಿದಳು: "ಹೊಟ್ಟೆ ನೋವು, ವಾಂತಿ, ಕೈಕಾಲು ತಣ್ಣಗೆ, ಇದ್ರಾಗೆ ಒಂದಿದ್ರೂ ಸಾಕು ಅಬ್ಬಾ, ಹೊತ್ಕೊಂಡಾದ್ರೂ ಬರ್ರಿ."

ಸಾರಥಿಯಲ್ಲಿ ಓಬವ್ವನ ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಕಿಟಕಿಯ ಒಂದು ರೆಕ್ಕೆ ತೆರೆದು ಅವಳು ಮುಖ ತೋರಿಸಿದಳು. ನಿದ್ದೆಗೆಟ್ಟ ಕಣ್ಣಲ್ಲೂ ನಗುವಿತ್ತು.

"ಮೌಲಣ್ಣ, ನೀನಾ! ಇವತ್ತಿಗೆ ಐದು ದಿನ ನೋಡು. ಜ್ವರಾನೂ ಬಿಡ್ತು. ಇನ್ನೆರಡು ದಿನ ದಾಟಿದ್ರೆ ಗೆದ್ದಂಗೆ."

"ಬಾಗಿಲು ತೆಗಿಯವ್ವ. ಆಶಾನ ಆಸ್ಪತ್ರೆಗೆ ಕರ್ಕೊಂಡು ಹೋಗಾನ. ನಾನು ಹೇಳಿದ್ದು ತಪ್ಪು."

ಓಬವ್ವನ ಮುಖ ಬಿಗಿಯಾಯಿತು. "ತಪ್ಪು ಅಂತ ಹೇಳಾಕೆ ಬರ್ತಾರೆ, ನಂಬಬ್ಯಾಡ್ರಿ ಅಂತ ನೀನೇ ಹೇಳಿದ್ದಿಯಲ್ಲ. ನಿನ್ನ ಮಗಳು ಆಸ್ಪತ್ರೆಯಾಗೆ ಐದಾಳೆ. ಅವಳೇ ಕಳಿಸ್ಯಾಳೆ ನಿನ್ನ."

ಸಾಬರು ತಾವೇ ಓದಿದ ಸಾಲು ತಮ್ಮ ಮುಖಕ್ಕೇ ಬಂದು ಹೊಡೆದಿತ್ತು. ಅಲ್ಲಾಹುವಿನ ಆಣೆ ಇಟ್ಟರು, ಕೈ ಮುಗಿದರು, ಬೈದೂ ನೋಡಿದರು. ಅವರು ಬೇಡಿದಷ್ಟೂ ಅವಳಿಗೆ ಅನುಮಾನ ಬಲಿಯಿತು. ಒಳಗಿನ ಚಾಪೆಯ ಮೇಲೆ ಆಶಾರಾಣಿ ಮೊಣಕಾಲು ಮಡಿಸಿ ಮಲಗಿದ್ದಳು. "ಹೊಟ್ಟೆ ನೋಯ್ತೈತವ್ವ," ಎನ್ನುವುದು ಕೇಳಿಸಿತು. ಓಬವ್ವ ಕಿಟಕಿ ಮುಚ್ಚಿದಳು.

ಆ ಓಣಿಯಲ್ಲಿ ಇನ್ನೂ ಹತ್ತು ಮನೆ, ಎಲ್ಲರೂ ಒಳಗೆ. ಸೇಲಿನ ಕೂಗಿಗೆ ಜನ ಕೂತಲ್ಲೇ ಕಿವಿ ಕೊಡುತ್ತಾರೆ. ಸಾವಿನ ಸುದ್ದಿಗೆ ಮಾತ್ರ ಒಲೆಯ ಮೇಲಿನ ಪಾತ್ರೆ ಇಳಿಸಿ ಬಾಗಿಲಿಗೆ ಬರುತ್ತಾರೆ. ಅದಕ್ಕೆ ಸಾಬರು ಬೇರೆಯದೇ ಒಂದು ಶುರು ಇಟ್ಟುಕೊಂಡಿದ್ದರು, ದನಿ ಇಳಿಸಿ, ಒಂದೊಂದೇ ಪದ. ಇಲ್ಲದ ಸಾವನ್ನು ಅವರು ಎಂದೂ ಕೂಗಿದವರಲ್ಲ. ಕೈಯಲ್ಲಿ ಹಾಳೆಯಿಲ್ಲದೆ ಮೈಕು ಹಿಡಿದವರೂ ಅಲ್ಲ.

"ಸಾರಥಿ ಗ್ರಾಮದ ಸಮಸ್ತ ಬಂಧುಗಳಲ್ಲಿ... ದುಃಖದಿಂದ ತಿಳಿಸುವುದೇನೆಂದರೆ..."

ಅಷ್ಟು ಹೇಳಿ ನಿಲ್ಲಿಸಿದರು. ಒಂದೊಂದೇ ಬಾಗಿಲು ತೆರೆಯಿತು. ಯಾರು, ಯಾರ ಮನೆಯಾಗೆ ಎಂದು ಹೆಂಗಸರು ಸೆರಗು ಬಾಯಿಗೆ ಹಿಡಿದು ಬಂದರು.

"ಯಾರೂ ಸತ್ತಿಲ್ಲ. ಇನ್ನೂ ಸತ್ತಿಲ್ಲ. ಈ ಮನೆಯಾಗೆ ಆಶಾರಾಣಿ ಸಾಯಾಕತ್ತಾಳೆ. ನನ್ನ ಮಾತು ಕೇಳಿ ಸಾಯಾಕತ್ತಾಳೆ. ನಾನು ಫೋನಿನಾಗೆ ಹೇಳಿದ್ದು ಸುಳ್ಳು, ಬಂಧುಗಳೇ. ಆನಗೋಡಿನಾಗೆ ಒಬ್ಬ ನನ್ನ ಮಾತು ನಂಬಿ ಐಸಿಯು ಸೇರ್ಯಾನೆ. ನೀವಾರ ಈ ಬಾಗಿಲು ತೆಗೆಸ್ರಿ."

ಎದುರು ಮನೆಯ ಬಕ್ಕೇಶಪ್ಪ ಎಪ್ಪತ್ತು ದಾಟಿದವನು. ದಾಪುಗಾಲು ಹಾಕಿ ಬಂದು ಸಾಬರ ಕೊರಳಪಟ್ಟಿಗೆ ಕೈ ಹಾಕಿದ. "ಸಾವಿನ ಕೂಗು ಕೂಗಿ ಆಟ ಆಡ್ತೀಯೇನೋ ನಮ್ಮೂರಾಗೆ?" ಮೈಕು ನೆಲಕ್ಕೆ ಬಿದ್ದು ಕಿರ್‍ರೆಂದಿತು. ಸಾಬರು ಬಿಡಿಸಿಕೊಳ್ಳಲಿಲ್ಲ. "ಹೊಡೀರಿ," ಎಂದರು. "ಮೊದ್ಲು ಅವಳನ್ನ ಆಟೋಕ್ಕೆ ಹಾಕ್ರಿ, ಆಮ್ಯಾಲೆ ಹೊಡೀರಿ."

ಅಷ್ಟರಲ್ಲಿ ಅಗಳಿಯ ಸದ್ದಾಯಿತು. ತೆಗೆದವಳು ಓಬವ್ವನೇ. ಆ ಶುರುವಿನ ಹಿಂದೆ ಗಂಡನ ಹೆಸರು ಬಂದದ್ದನ್ನು ಅವಳು ಹಿಂದೊಮ್ಮೆ ಕೇಳಿದವಳು. ಈಗ ಅದರ ಹಿಂದೆ ಮಗಳ ಹೆಸರು ಬರುವುದನ್ನು ಅವಳ ಕಿವಿ ತಡೆಯಲಾರದೆ ಹೋಗಿತ್ತು. ಬಕ್ಕೇಶಪ್ಪ ಕೊರಳಪಟ್ಟಿ ಬಿಟ್ಟು ಒಳಗೆ ಓಡಿದ. ಆಶಾರಾಣಿಯ ಪಾದ ಮುಟ್ಟಿ, "ತಣ್ಣಗೈತಲ್ಲೋ," ಎಂದು ಕೂಗಿಕೊಂಡ.

ಹರಿಹರದವರೆಗೆ ಆಟೋ, ಅಲ್ಲಿಂದ ದಾವಣಗೆರೆಗೆ ಆಂಬುಲೆನ್ಸ್. ಗುಲ್ನಾಜ್ ಬಾಗಿಲಲ್ಲೇ ಕಾದಿದ್ದಳು. ಇನ್ನರ್ಧ ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಸಿಡುಕಿದರು. ಎರಡು ದಿನ ಏನೂ ಹೇಳಲಾರೆವು ಎಂದರು. ಆ ಎರಡು ದಿನ ಸಾಬರು ಆಸ್ಪತ್ರೆಯ ಮೆಟ್ಟಿಲ ಮೇಲೇ ಕಳೆದರು. ಓಬವ್ವ ನಾಲ್ಕು ಮೆಟ್ಟಿಲು ಮೇಲೆ, ಬೇರೆ ಕಡೆ ಮುಖ ಮಾಡಿ ಕೂತಿದ್ದಳು. ಮೂರನೇ ದಿನ ಆಶಾರಾಣಿ ಕಣ್ಣು ಬಿಟ್ಟು ಗಂಜಿ ಕೇಳಿದಳು. ಅದೇ ದಿನ ಆನಗೋಡು ಕಡೆಯವನು ತೀರಿಕೊಂಡ. ಅದನ್ನು ಸಾಬರಿಗೆ ಹೇಳಿದವಳು ಗುಲ್ನಾಜ್.

ಶಿವಮೂರ್ತಿ ಫೋನ್ ಮಾಡಿದ್ದ. "ಯಾರೂ ತೆಗಿ ಅನ್ನಲಿಲ್ಲ ಸಾಬ್ರೆ, ನಾನೇ ತೆಗೆದೆ," ಎಂದ. ಹಾಗಂದ ಗಳಿಗೆಯಲ್ಲೇ ಆಸ್ಪತ್ರೆಯ ಕಾಂಪೌಂಡಿನಲ್ಲಿ ಯಾರದೋ ಫೋನು 'ಬಂಧುಗಳೇ' ಎಂದು ಶುರುಮಾಡಿತ್ತು.

ಹದಿನೈದು ದಿನದ ನಂತರ ಓಬವ್ವ ಮಾರ್ಕೆಟ್ಟಿಗೆ ಬಂದು ಟೊಮೆಟೊ ಹರವಿದಳು. ಆ ಹದಿನೈದೂ ದಿನ ಸಾಬರು ಯಾರ ಕೆಲಸವನ್ನೂ ಹಿಡಿಯದೆ, ಊರೂರಿಗೆ ಹೋಗಿ ಕೂಗಿ ಬರುತ್ತಿದ್ದರು. ನಾನು ಓದಿದ ಹಾಳೆಯಲ್ಲಿದ್ದದ್ದು ಸುಳ್ಳು, ಜ್ವರ ಬಂದರೆ ಆಸ್ಪತ್ರೆಗೆ ಹೋಗಿ ಎಂದು. ಅವರು ಆಟೋದಿಂದಿಳಿದು ಅವಳೆದುರು ಕುಕ್ಕುರುಗಾಲಲ್ಲಿ ಕೂತರು.

"ಆಶಾ ಹೆಂಗದಾಳೆ?"

"ಅದಾಳೆ." ಓಬವ್ವ ತಲೆಯೆತ್ತಲಿಲ್ಲ. ಕೊಳೆತ ಹಣ್ಣುಗಳನ್ನು ಆರಿಸಿ ಪಕ್ಕಕ್ಕಿಡುತ್ತಿದ್ದಳು. "ಮೌಲಣ್ಣ, ಒಂದು ಕೇಳ್ತೀನಿ. ಹೋದ ವರ್ಷ ಗುಲ್ನಾಜಿಗೂ ಡೆಂಗಿ ಬಂದಿತ್ತಲ್ಲ. ಆವಾಗ ಏನು ಕುಡಿಸಿದ್ದಿ?"

ನಾನು ಓದಿದ್ದಷ್ಟೇ, ಹಾಳೆ ಬೇರೆಯವರದು ಎಂಬ ಮಾತು ನಾಲಗೆಯ ತುದಿಗೆ ಬಂತು. ಬಂದು ಅಲ್ಲೇ ನಿಂತಿತು. ಆ ಹಾಳೆ ಓದುವಾಗಲೂ ಅವರಿಗೆ ಅದು ನೆನಪಾಗಿತ್ತು. ಒಂದು ಉಸಿರು ನಿಂತು, ಮತ್ತೆ ಓದಿದ್ದರು.

"ಏನೂ ಕುಡಿಸಿಲ್ಲವ್ವ. ಜ್ವರ ಬಂದ ದಿನವೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ."

ಓಬವ್ವ ಈಗ ಅವರ ಮುಖ ನೋಡಿದಳು. ಗಿರಾಕಿಯೊಬ್ಬ ಬಂದು ಅರ್ಧ ಕೇಜಿ ಕೊಡವ್ವ ಎಂದದ್ದಕ್ಕೂ ತಿರುಗಲಿಲ್ಲ.

"ಅದನ್ನ ಹೇಳು," ಎಂದಳು. "ಹಾಳೆ ಸುಳ್ಳು ಅಂತ ಊರೆಲ್ಲ ಕೂಗಿದಿ. ಇದನ್ನ ಹೇಳು ಮೈಕಿನಾಗೆ."

ಮೌಲಾ ಸಾಬರು ಎದ್ದು ಆಟೋಕ್ಕೆ ಹೋದರು. ಮಾರ್ಕೆಟ್ಟಿನ ತುಂಬ ಪರಿಚಯದ ಮುಖಗಳೇ ಇದ್ದವು. ಮೈಕು ಕೈಗೆ ತೆಗೆದುಕೊಂಡು, ಅವರೆಲ್ಲರೂ ತಮ್ಮ ಕಡೆ ತಿರುಗುವವರೆಗೆ ಕಾದು, ಮಗಳ ಹೆಸರಿನಿಂದ ಶುರುಮಾಡಿದರು.