ಬೆವರುವ ಪೈಪು ಮತ್ತು ನನ್ನ ಆಕ್ಷೇಪ

ನಮ್ಮ ಸಮಿತಿಯಲ್ಲಿ ಆಕ್ಷೇಪಗಳು ಊಟಕ್ಕೆ ಮುಂಚೆ ಹುಟ್ಟಿ ಊಟದ ನಂತರ ಸಾಯುತ್ತವೆ. ಬೆಳಗ್ಗೆ ಯಾರು ಎಷ್ಟೇ ಮೇಜು ಗುದ್ದಿ ಮಾತಾಡಲಿ, ಬಿರಿಯಾನಿಯ ತಟ್ಟೆ ಹಿಡಿದು ನಾಲ್ಕು ಜನ ಪಕ್ಕಕ್ಕೆ ಬಂದು ನಿಂತರೆಂದರೆ ಮುಗಿಯಿತು. ಮಧ್ಯಾಹ್ನ ಸಭೆ ಮತ್ತೆ ಸೇರಿದಾಗ ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, "ಹಿಂತೆಗೆದುಕೊಂಡಂತೆ ಬರೆದುಕೊಳ್ಳಲೇ?" ಎನ್ನುತ್ತಾರೆ. ಆಕ್ಷೇಪ ಎತ್ತಿದವರು ಹಲ್ಲು ಕಿರಿದು ತಲೆಯಾಡಿಸುತ್ತಾರೆ. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಬರೆದಿಟ್ಟ ನಿಯಮ ಬೇರೆಯೇ ಇದೆ: ಒಂದೇ ಒಂದು ಆಕ್ಷೇಪ ಉತ್ತರವಿಲ್ಲದೆ ಉಳಿದರೂ ಕರಡು ಮುಂದೆ ಹೋಗುವ ಹಾಗಿಲ್ಲ. ಅದಕ್ಕೇ ಊಟದ ಹೊತ್ತಿನ ಆ ಉಪಚಾರ.

ಸಮಿತಿ ಎಂದರೆ ರಾಜಕೀಯದ್ದಲ್ಲ. ಒತ್ತಡದಲ್ಲಿ ನೀರು ಸಾಗಿಸುವ ಪ್ಲಾಸ್ಟಿಕ್ ಮತ್ತು ಫೈಬರ್ ಪೈಪುಗಳು ಹೇಗಿರಬೇಕು, ಅವನ್ನು ಹೇಗೆ ಪರೀಕ್ಷಿಸಬೇಕು ಎಂಬ ಮಾನದಂಡ ಬರೆಯುವ ಸಮಿತಿ. ಪೈಪು ಮಾಡುವವರು, ಕೊಳ್ಳುವವರು, ಕಾಲೇಜಿನಲ್ಲಿ ಪಾಠ ಹೇಳುವವರು ಎಲ್ಲ ಹೈದರಾಬಾದಿನ ಒಂದು ಎಸಿ ಕೋಣೆಯಲ್ಲಿ ಕೂತು ಒಂದೊಂದು ವಾಕ್ಯಕ್ಕೂ ಜಗಳವಾಡುತ್ತಾರೆ. ನಾನು ಬಾಲಾನಗರದ ಒಂದು ಪೈಪು ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗ ನೋಡಿಕೊಳ್ಳುವವಳು. ಕಂಪನಿಯ ಪರವಾಗಿ ಅಲ್ಲಿ ಕೂರುತ್ತಿದ್ದೆ. ಕೋಣೆಯಲ್ಲಿ ಹೆಂಗಸು ನಾನೊಬ್ಬಳೇ ಆದ್ದರಿಂದ ಮೊದಮೊದಲು ಚಹಾದ ಫ್ಲಾಸ್ಕು ಬಂದಾಗಲೆಲ್ಲ ಎಲ್ಲರ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ನಾನು ಕದಲಲಿಲ್ಲ. ಆಮೇಲೆ ಅವರವರ ಚಹಾ ಅವರೇ ಹಾಕಿಕೊಳ್ಳುವುದನ್ನು ಕಲಿತರು.

ನನ್ನ ತಕರಾರು ಇದ್ದದ್ದು ಒಂದೇ ವಿಷಯಕ್ಕೆ. ಪ್ರತಿ ಪೈಪಿನ ಮೈಮೇಲೆ ಅದು ಎಷ್ಟು ಒತ್ತಡ ತಡೆಯುತ್ತದೆ ಎಂಬ ಅಂಕಿ ಅಚ್ಚಾಗಿರುತ್ತದೆ. ಆ ಅಂಕಿ ತಂಪು ಕೋಣೆಯಲ್ಲಿ ತಂಪು ನೀರು ತುಂಬಿ ಪರೀಕ್ಷಿಸಿ ಪಡೆದದ್ದು. ಪ್ಲಾಸ್ಟಿಕ್ ಇರಲಿ, ಗಾಜಿನ ನೂಲನ್ನು ರಾಳದಲ್ಲಿ ಅದ್ದಿ ಸುತ್ತಿ ಮಾಡಿದ ಫೈಬರ್ ಪೈಪಿರಲಿ, ಬಿಸಿಯೇರಿದಷ್ಟೂ ಬಲ ಕಳೆದುಕೊಳ್ಳುತ್ತದೆ. ಇದೇನೂ ಗುಟ್ಟಲ್ಲ. ಕರಡಿನ ಕಟ್ಟಕಡೆಯ ಅನುಬಂಧದಲ್ಲಿ ಅದಕ್ಕೊಂದು ಕೋಷ್ಟಕವೂ ಇತ್ತು. ನಾನು ಕೇಳಿದ್ದು ಇಷ್ಟೇ: ಆ ಕೋಷ್ಟಕವನ್ನು ಯಾರೂ ತೆರೆದು ನೋಡುವುದಿಲ್ಲ, ಬಿಸಿ ನೀರಿನ ಅಂಕಿಯನ್ನೂ ಪೈಪಿನ ಮೇಲೆಯೇ ಹಾಕಿ. ತಂಪಿಗೊಂದು, ಬಿಸಿಗೊಂದು. ಪೈಪು ಮಾಡುವವರಿಗೆ ಇದು ಬೇಡ, ಏಕೆಂದರೆ ಎರಡನೆಯ ಅಂಕಿ ಸಣ್ಣದು. ಸಣ್ಣ ಅಂಕಿ ಹೊತ್ತ ಪೈಪನ್ನು ಗಿರಾಕಿ ಮುಟ್ಟುವುದಿಲ್ಲ ಎಂಬುದು ಅವರ ಭಯ.

ಮೇ ತಿಂಗಳಲ್ಲಿ ಈ ಊರಿನ ಮಹಡಿ ಮೇಲಿನ ಪೈಪನ್ನು ಒಮ್ಮೆ ಮುಟ್ಟಿದವರಿಗೆ ನನ್ನ ಮಾತು ಬಿಡಿಸಿ ಹೇಳಬೇಕಾಗಿಲ್ಲ. ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲಿ ಅವ್ವ ಬೇಸಿಗೆಯುದ್ದಕ್ಕೂ ಬೆಳಗ್ಗೆಯೇ ಬಕೆಟ್ಟುಗಳಲ್ಲಿ ನೀರು ಹಿಡಿದು ನೆರಳಿಗಿಡುತ್ತಾಳೆ. ರಾಯಚೂರಿನಲ್ಲಿ ಹುಟ್ಟಿ ಬೆಳೆದವಳು, ಬಿಸಿಲಿಗೆ ಹೆದರುವ ಪೈಕಿಯಲ್ಲ. ಆದರೂ ಒಂದು ಮಧ್ಯಾಹ್ನ ನಳ ತಿರುವಿದವಳು ಥಟ್ಟನೆ ಕೈ ಹಿಂದೆಳೆದುಕೊಂಡಳು.

"ಕುದಿಯೋ ನೀರು ಬರಾಕತ್ತಾವ ನೋಡವಾ. ಚಹಾಪುಡಿ ಹಾಕೋದೊಂದು ಬಾಕಿ ಐತಿ!"

ಇಂಥ ನೀರನ್ನು ತುಂಬಿಕೊಂಡ ಪೈಪು ಸೋತರೆ ಏನಾಗುತ್ತದೆಂದು ನನಗೆ ಗೊತ್ತು, ಏಕೆಂದರೆ ಕಂಪನಿಯಿಂದ ನೋಡಲು ಹೋಗುವವಳು ನಾನೇ. ಕಾರ್ಖಾನೆಯ ಶೆಡ್ಡಿನ ಮೇಲೆ, ಹಾಸ್ಟೆಲ್ಲಿನ ಮಹಡಿಯ ಮೇಲೆ, ಎಲ್ಲೇ ಹೋದರೂ ನಾನು ತಲುಪುವ ಹೊತ್ತಿಗೆ ತೀರ್ಪು ಆಗಿಹೋಗಿರುತ್ತದೆ: ಫಿಟ್ಟರ್ ಸರಿಯಾಗಿ ಜೋಡಿಸಿಲ್ಲ. ಅವನು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನೆ. ಪೈಪಿನ ಮೇಲೆ ಅಚ್ಚಾಗಿದ್ದ ಅಂಕಿಯನ್ನು ನಂಬಿದ್ದೇ ಅವನು ಮಾಡಿದ ತಪ್ಪು. ಅವನನ್ನು ಬೈಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇವತ್ತಿಗೂ ಉರಿಯುತ್ತದೆ.

ನಮ್ಮ ಮ್ಯಾನೇಜರು ಬೀದರ್ ಕಡೆಯವರು. ಆಫೀಸಿನಲ್ಲಿ ಎಲ್ಲರ ಜೊತೆ ತೆಲುಗು, ಮೀಟಿಂಗಿನಲ್ಲಿ ಇಂಗ್ಲಿಷು. ನನ್ನ ಜೊತೆ ಕನ್ನಡಕ್ಕೆ ಇಳಿದರೆಂದರೆ ಏನೋ ಬೇಕಾಗಿದೆ ಎಂದು ತಿಳಿಯಬೇಕು. ಮುಂದಿನ ಸಭೆಗೆಂದು ನಾನು ಆಕ್ಷೇಪ ಬರೆದು ಕಳಿಸಿದ ಸುದ್ದಿ ತಿಳಿದ ದಿನ ಕುರ್ಚಿ ಎಳೆದು ನನ್ನೆದುರು ಕೂತರು.

"ತಂಗೀ, ನೀವು ಭಾಳ ಶಾಣೇರಿದ್ದೀರಿ. ಆದ್ರ ನಮ್ಮ ಅನ್ನದಾಗ ನಾವೇ ಮಣ್ಣು ಹಾಕ್ಕೋಬಾರದ್ರಿ. ವಾಪಸ್ ತಗೊಂಡುಬಿಡ್ರಿ."

"ಸರ್, ನಮ್ಮ ಪೈಪು ಬಿಸಿ ನೀರಿಗೆ ತಡೀತೈತೋ ಇಲ್ಲೋ, ಒಮ್ಮೆ ನೋಡೇಬಿಡೋಣು. ತಡದ್ರ ಎರಡನೇ ಅಂಕಿಗೆ ಹೆದರೋದ್ಯಾಕ?" ಎಂದೆ.

ಅವರಿಗೆ ಬೇಡ ಎನ್ನಲು ಕಾರಣ ಸಿಗಲಿಲ್ಲ. ಅಂಗಳದಲ್ಲಿ ಲಾರಿಗೆ ಏರಿಸಲು ಇಟ್ಟಿದ್ದ ರಾಶಿಯಿಂದಲೇ ಒಂದು ಫೈಬರ್ ಪೈಪು ತರಿಸಿದೆ. ಪರೀಕ್ಷೆಗೆಂದೇ ಮುತುವರ್ಜಿಯಿಂದ ಮಾಡಿಸಿದ ಪೈಪು ನನಗೆ ಬೇಕಿರಲಿಲ್ಲ. ಎರಡೂ ತುದಿ ಮುಚ್ಚಿ, ಸ್ಟ್ಯಾಂಡಿನ ಮೇಲೆ ಮಲಗಿಸಿ, ಮೊದಲು ತಂಪು ನೀರು ತುಂಬಿ ಒತ್ತಡ ಏರಿಸಿದೆವು. ಗಟ್ಟಿಯಾಗಿ ನಿಂತಿತು. ಆ ನೀರು ಇಳಿಸಿ ಬಿಸಿ ನೀರು ಹರಿಸಿ ಅಷ್ಟೇ ಒತ್ತಡಕ್ಕೆ ಬಿಟ್ಟೆವು. ಮಧ್ಯಾಹ್ನದ ಚಹಾ ಹೊತ್ತಿಗೆ ಪೈಪು ಬೆವರತೊಡಗಿತು. ಫೈಬರ್ ಪೈಪಿನ ಗುಣ ಅದು. ಒಮ್ಮೆಲೇ ಒಡೆಯುವುದಿಲ್ಲ, ಮೊದಲು ಅದರ ಗೋಡೆಯಿಂದ ಹನಿಹನಿಯಾಗಿ ನೀರು ಹೊರಬರುತ್ತದೆ. ಬಲ ಸೋತಿತು ಎಂದೇ ಅದರ ಅರ್ಥ.

ಮ್ಯಾನೇಜರು ಕರ್ಚೀಫು ತೆಗೆದು ಪೈಪು ಒರೆಸಿದರು. "ಹಬೆ ಕುಂತೈತಿ ಅಷ್ಟ" ಎಂದರು.

ಐಸ್ ನೀರಿನ ಲೋಟದ ಮೇಲೆ ಹಬೆ ಕೂರುತ್ತದೆ, ಸುಡುವ ಪೈಪಿನ ಮೇಲೆ ಹೇಗೆ ಕೂರುತ್ತದೆ? ಅವರು ಒರೆಸಿದ ಜಾಗದಲ್ಲೇ ಮತ್ತೆ ಹನಿ ಮೂಡಿದವು. ಕರ್ಚೀಫು ಮಡಚಿ ಜೇಬಿಗೆ ಇಟ್ಟುಕೊಂಡು, ಇದನ್ನು ಸಭೆಗೆ ಒಯ್ಯಕೂಡದು ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು. ಒಯ್ದರೆ ಸಮಿತಿಯಲ್ಲಿ ನನ್ನ ಜಾಗ ಹೋಗುತ್ತದೆ, ಆಫೀಸಿನಲ್ಲಿಯೂ ಸುಖವಿರುವುದಿಲ್ಲ ಎಂಬುದು ಅವರು ಹೇಳದೆಯೂ ತಿಳಿಯಿತು. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಭಯಕ್ಕಿಂತ ಸಿಟ್ಟು ಹೆಚ್ಚಿತ್ತು.

ಸಭೆಯ ದಿನ ಬೆಳಗ್ಗೆ ನನ್ನ ಆಕ್ಷೇಪ ಓದಿದ್ದಾಯಿತು, ಊಟದ ಹೊತ್ತಿಗೆ ನನ್ನ ಸುತ್ತ ಜನ ನೆರೆದರು. ನನಗೆಂದು ಪ್ರತ್ಯೇಕ ಪನ್ನೀರ್ ತರಿಸಿದ್ದರು. ಸಿಕಂದರಾಬಾದಿನ ಒಬ್ಬ ಪೈಪು ತಯಾರಕರು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ, "ಛೋಡೋ ಮೇಡಂ, ಕಾಯಕು ಇತ್ತಾ ಟೆನ್ಷನ್?" ಎಂದರು, ಬಿಟ್ಟುಬಿಡಿ, ಯಾಕಿಷ್ಟು ತಲೆಬಿಸಿ ಎನ್ನುವ ಹಾಗೆ. ಇನ್ನೊಬ್ಬರು, ಅನುಬಂಧದ ಕೋಷ್ಟಕವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿಕೊಡುತ್ತೇವೆ ಎಂದು ಆಸೆ ತೋರಿಸಿದರು. ಪನ್ನೀರ್ ಚೆನ್ನಾಗಿತ್ತು. ಹೊಟ್ಟೆ ತುಂಬ ತಿಂದೆ.

ಮತ್ತೆ ಎಲ್ಲರೂ ಕೂತ ಮೇಲೆ ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ ಅದೇ ಪ್ರಶ್ನೆ ಕೇಳಿದರು.

"ಇಲ್ಲ ಸರ್. ಹಿಂತೆಗೆದುಕೊಳ್ಳುವುದಿಲ್ಲ" ಎಂದೆ.

ಅಧ್ಯಕ್ಷರ ಪೆನ್ನು ಹಾಗೇ ನಿಂತಿತು. ನಾನು ಪರೀಕ್ಷೆಯ ವರದಿಯನ್ನೂ ಫೋಟೋಗಳನ್ನೂ ಮೇಜಿನ ಮೇಲೆ ಇಟ್ಟೆ. ಬೆವರುತ್ತಿರುವ ಈ ಪೈಪು ನಮ್ಮ ಕಂಪನಿಯದ್ದೇ, ಮಾರಾಟಕ್ಕೆ ಹೊರಟಿದ್ದ ಪೈಪು ಎಂದು ಬಾಯಿ ಬಿಟ್ಟು ಹೇಳಿದೆ. ನನಗೆ ಪನ್ನೀರ್ ಬಡಿಸಿದವರ ಮುಖ ಅರಳಿತು. ಪ್ರತಿಸ್ಪರ್ಧಿಯ ಪೈಪು ಸೋತ ಸಂತೋಷ ತಡೆಯಲಾಗದೆ, "ಅದು ನಿಮ್ಮ ಮಾಲಿನ ಸಮಸ್ಯೆ ಮೇಡಂ. ನಮ್ಮ ಪೈಪು ಎಷ್ಟು ಬಿಸಿಗೂ ಬೆವರುವುದಿಲ್ಲ" ಎಂದರು. ಪಕ್ಕದವರೂ ಬಿಡಲಿಲ್ಲ, ನಮ್ಮದೂ ಇಲ್ಲ, ನಮ್ಮದೂ ಇಲ್ಲ ಎಂದರು.

"ಭಾಳ ಸಂತೋಷ. ಹಾಗಿದ್ದರೆ ಪೈಪಿನ ಮೇಲೆ ಬಿಸಿಯ ಅಂಕಿ ಹಾಕಲು ನಿಮಗೇನು ಕಷ್ಟ?" ಎಂದು ಕೇಳಿದೆ.

ಕಷ್ಟವಿಲ್ಲವೆಂದರೆ ಅಚ್ಚು ಹಾಕಬೇಕು, ಇದೆಯೆಂದರೆ ಈಗಷ್ಟೇ ಕೊಚ್ಚಿಕೊಂಡದ್ದು ಸುಳ್ಳಾಗುತ್ತದೆ. ಅವರು ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ಕೂತರು. ಅಷ್ಟು ಹೊತ್ತು ಸುಮ್ಮನಿದ್ದ ನೀರು ಸರಬರಾಜಿನ ಎಂಜಿನಿಯರೊಬ್ಬರು, ಪೈಪು ಕೊಳ್ಳುವವರು ತಾವು, ತಮಗೆ ಎರಡೂ ಅಂಕಿ ಬೇಕು ಎಂದರು. ಅಧ್ಯಕ್ಷರು ಬರೆದುಕೊಂಡರು. ನನ್ನ ಬೇಡಿಕೆ ಕರಡಿನ ಒಳಗೆ ಹೋಯಿತು. ಹೊರಗೆ ಬಂದು ಮೆಟ್ರೋ ಹತ್ತಿದಾಗ ಆದಂಥ ಖುಷಿ ನನಗೆ ಕೆಲಸಕ್ಕೆ ಸೇರಿದ ದಿನವೂ ಆಗಿರಲಿಲ್ಲ.

ಆ ವಾರವೇ ಕಂಪನಿಯವರು ಸಮಿತಿಯಿಂದ ನನ್ನ ಹೆಸರು ತೆಗೆಸಿದರು. ಕೆಲಸದಿಂದ ತೆಗೆಯಲಿಲ್ಲ, ತೆಗೆಯುವಂತಿರಲಿಲ್ಲ. ಪರೀಕ್ಷಾ ವರದಿಗಳಿಗೆ ಸಹಿ ಹಾಕುವ ಅಧಿಕಾರವಿದ್ದವಳು ನಾನೊಬ್ಬಳೇ, ನನ್ನ ಸಹಿಯಿಲ್ಲದೆ ಲಾರಿ ಗೇಟು ದಾಟುವುದಿಲ್ಲ. ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಹೊರಬಿಟ್ಟಾಗ, ಎರಡನೆಯ ಅಂಕಿ ಬೇಡವೆಂದು ಬರೆಯಲು ಕಂಪನಿ ತೀರ್ಮಾನಿಸಿತು. ಆದರೆ ತಾಂತ್ರಿಕ ಕಾರಣ ಕೊಡಬೇಕಲ್ಲ, ಅದನ್ನು ಬರೆಯಬಲ್ಲವರು ಆಫೀಸಿನಲ್ಲಿ ಬೇರೆ ಯಾರಿದ್ದಾರೆ? ಮ್ಯಾನೇಜರು ಮತ್ತೆ ನನ್ನ ಮೇಜಿಗೇ ಬಂದರು. ನನ್ನ ವಾದವನ್ನು ನಾನೇ ಮುರಿದು ಕೊಡಬೇಕಂತೆ!

"ಬರೆಯಂಗಿಲ್ರಿ ಸರ್" ಎಂದೆ. "ಬೆವರದಂಥಾ ಪೈಪು ಮಾಡಿ ತರ್ರಿ. ಅದಕ್ಕ ಇದ ಕೈಲೇ ಸಹಿ ಹಾಕ್ತೀನಿ."

"ಇಷ್ಟು ಸೊಕ್ಕು ಒಳ್ಳೇದಲ್ರಿ" ಎಂದು ಎದ್ದು ಹೋದರು. ಬೇರೆ ಯಾರಿಂದಲೋ ಎರಡು ಪುಟ ಬರೆಸಿ ಕಳಿಸಿದರಂತೆ. ಪರೀಕ್ಷೆಯ ಆಧಾರವಿಲ್ಲ ಎಂದು ಸಮಿತಿ ಅದನ್ನು ತಳ್ಳಿಹಾಕಿತು. ಮಾನದಂಡ ಎರಡೂ ಅಂಕಿಗಳ ಸಮೇತ ಹೊರಬಂತು.

ಈಗ ಎರಡನೆಯ ಅಂಕಿಯೂ ದೊಡ್ಡದಾಗಲೆಂದು ಕಾರ್ಖಾನೆಯಲ್ಲಿ ರಾಳ ಬದಲಾಯಿಸಿ, ನೂಲು ಸುತ್ತುವ ಕೋನ ಬದಲಾಯಿಸಿ ನೋಡುತ್ತಿದ್ದಾರೆ. ಮೊನ್ನೆ ಮೊದಲ ಹೊಸ ಪೈಪು ಬಿಸಿ ನೀರಿನ ಪರೀಕ್ಷೆಗೆ ನನ್ನ ಸ್ಟ್ಯಾಂಡಿಗೆ ಬಂತು. ಮ್ಯಾನೇಜರೂ ಆ ಪೈಪಿಗೆ ನೂಲು ಸುತ್ತಿದ ಕೆಲಸಗಾರರೂ ಸಾಲಾಗಿ ನಿಂತು ನೋಡಿದರು. ಇದು ನಿಲ್ಲಲಿ ಎಂದು ಅವರೆಲ್ಲರಿಗಿಂತ ಹೆಚ್ಚು ಆಸೆಪಟ್ಟವಳು ನಾನು. ಸಂಜೆಯ ಹೊತ್ತಿಗೆ ಒಂದು ತುದಿಯಲ್ಲಿ ಹನಿ ಮೂಡಿತು. ಈ ಸಲ ಯಾರೂ ಕರ್ಚೀಫು ತೆಗೆಯಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ಪೆನ್ನು ತೆಗೆದು, ಬೆವರಿತು ಎಂದು ಬರೆದು ಸಹಿ ಹಾಕಿದೆ.