ಕೋಡಿಯಮ್ಮನ ಎಣ್ಣೆಸ್ನಾನ

ಅನುಸೂಯಮ್ಮ ಮೇಡಂಗೆ ಇತಿಹಾಸದ ಪೀರಿಯಡ್ಡು ಸಿಗುತ್ತಿದ್ದದ್ದೇ ಬಿಸಿಯೂಟ ಮುಗಿದ ಮೇಲೆ. ಅನ್ನ ಸಾರು ಉಂಡ ಮಕ್ಕಳಿಗೆ ಹೊಯ್ಸಳರೂ ಒಂದೇ, ಮೊಗಲರೂ ಒಂದೇ. ಮಾದನಾಯಕನಹಳ್ಳಿ ಕಡೆಯ ಆ ಸರ್ಕಾರಿ ಹೈಸ್ಕೂಲಿನಲ್ಲಿ ಅರ್ಧ ಮಕ್ಕಳು ಊರಿನವರು, ಇನ್ನರ್ಧ ಯಾದಗಿರಿ, ಕೊಪ್ಪಳದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು.

"ಇತಿಹಾಸ ಎಲ್ಲಾ ಹಂಪೀಲಿ, ದಿಲ್ಲೀಲಿ ಆಗೋಯ್ತು ಮಿಸ್. ನಮ್ಮೂರಲ್ಲಿ ಬರೀ ಗೋಡೌನು," ಎಂದು ಒಂದು ದಿನ ಯಾರೋ ಅಂದರು. ಇಡೀ ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ. ತಾವಿರುವ ಊರು ಏನೂ ಅಲ್ಲ ಅಂದುಕೊಂಡೇ ಈ ಮಕ್ಕಳು ಹತ್ತನೇ ಕ್ಲಾಸು ದಾಟಿ ಹೋಗಬಾರದು ಎಂದು ಅವತ್ತೇ ಹಟ ಹಿಡಿದರು. ಅವರು ಹಟ ಹಿಡಿದರೆ ಹೆಡ್‌ಮೇಷ್ಟ್ರೂ ದಾರಿ ಬಿಡುತ್ತಿದ್ದರು.

ಅವರ ಕಣ್ಣು ಬಿದ್ದದ್ದು ಕೋಡಿಯಮ್ಮನ ಮೇಲೆ. ಶಾಲೆಯ ಹಿಂದೆ, ಕೆರೆ ಮುಚ್ಚಿ ಗೋಡೌನು ಕಟ್ಟಿದ ಜಾಗದಲ್ಲಿ, ಹಳೆಯ ಕೋಡಿಯ ಪಕ್ಕ ಎದೆಯೆತ್ತರದ ಕಲ್ಲು. ತಲೆಮಾರುಗಳಿಂದ ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಅದರ ಮೇಲೆ ರೊಟ್ಟಿಯಷ್ಟು ದಪ್ಪ ಪದರ ಕೂತಿತ್ತು. ಅದರ ಮೇಲೆ ಬೆಳ್ಳಿಯ ಕಣ್ಣು, ಹಸಿರು ಸೀರೆ. ಇದು ವೀರಗಲ್ಲು, ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ್ದು ಎಂದು ಮೇಡಂಗೆ ಗುಮಾನಿ. ಆದರೆ ಪೂಜೆ ಸೊಣ್ಣಮ್ಮನವರ ಮನೆತನದ್ದು. ಆ ಮುದುಕಿಗೆ ಕೋಡಿಯಮ್ಮ ಅಂದರೆ ಮನೆಯ ಹಿರಿಮಗಳು.

"ಸ್ವಲ್ಪ ತೊಳೆದು ನೋಡೋಣ್ವಾ, ಸೊಣ್ಣಮ್ನೋರೇ?"

"ಅಮ್ಮನ ಮೈ ಕೆರೀತೀರಾ? ನಿಮ್ಮ ಮೈ ಯಾರಾನ ಇಂಗೆ ಕೆರುದ್ರೆ ಸುಮ್ಕಿರ್ತೀರಾ ಮೇಡಮ್ನೋರೇ?"

ಮೇಡಂ ವಾಪಸು ಬಂದರು. ವರ್ಷಕ್ಕೊಂದು ಸಲ ಕೇಳುವುದು, ಬೈಸಿಕೊಂಡು ಬರುವುದು ನಡೆದೇ ಇತ್ತು. ೨೦೧೧ರ ಮಳೆಗಾಲದಲ್ಲಿ, ರಿವರ್ಸ್ ತೆಗೆಯುತ್ತಿದ್ದ ಲಾರಿಯೊಂದು ಕಲ್ಲಿಗೆ ಉಜ್ಜಿತು. ಸೊಣ್ಣಮ್ಮ ಸೀದಾ ಕ್ಲಾಸಿಗೇ ಓಡಿ ಬಂದರು.

"ಅಮ್ಮಂಗೆ ಏಟಾಗದೆ, ಬನ್ನಿ ಮೇಡಮ್ನೋರೇ!"

ಪದರದ ಒಂದು ಚೂರು ಕಳಚಿ ಬಿದ್ದಿತ್ತು. ಒಳಗೆ ಕಲ್ಲು ಬಿರುಕು ಬಿಟ್ಟಿದೆಯೋ ಇಲ್ಲವೋ ತಿಳಿಯಬೇಕಾದರೆ ಉಳಿದದ್ದನ್ನೂ ತೆಗೆಯಲೇಬೇಕು. ಸೊಣ್ಣಮ್ಮ ಅಳುತ್ತಲೇ ಒಪ್ಪಿದರು. ಆದರೆ ಚಾಕು, ಉಳಿ ಮುಟ್ಟಿಸಕೂಡದು. ಬಾಣಂತಿಗೆ ಎರೆಯುವ ಹಾಗೆ ಬಿಸಿನೀರು, ಸೀಗೆಪುಡಿ. ಅಮ್ಮ ನೀರು ಹಾಕಿಕೊಳ್ಳುವಾಗ ಗಂಡುಹುಡುಗರು ಆ ಕಡೆ ತಿರುಗಿ ನಿಲ್ಲಬೇಕು.

ನಿಂತರು, ಗೋಡೌನಿನ ಗೋಡೆ ನೋಡಿಕೊಂಡು, ಕಿಸಕಿಸ ನಗುತ್ತಾ. ಹುಡುಗಿಯರು ನೀರು ತಂದುಕೊಟ್ಟರು, ಸೊಣ್ಣಮ್ಮ ಮೆಲ್ಲಗೆ ತಿಕ್ಕಿದರು. ಕೆಂಪು ನೀರು ಹರಿಯಿತು. ಮೊದಲು ಕಂಡದ್ದು ದನದ ಕೊಂಬು, ಆಮೇಲೆ ಕತ್ತಿ ಹಿಡಿದ ಕೈ. ಇನ್ನೊಂದು ಚೊಂಬು ಸುರಿದಾಗ ಹುರಿ ಮಾಡಿದ ಮೀಸೆ ಕಂಡಿತು. ಸೊಣ್ಣಮ್ಮ ಗಕ್ಕನೆ ತಲೆಯ ಮೇಲೆ ಸೆರಗು ಎಳೆದುಕೊಂಡರು.

ಕಲ್ಲು ಬಿರುಕು ಬಿಟ್ಟಿರಲಿಲ್ಲ. ಸೊಣ್ಣಮ್ಮ ಮಾತ್ರ ಆ ಕೆಸರಿನಲ್ಲೇ ಕುಸಿದು ಕೂತರು. "ಇಷ್ಟ್ ವರ್ಸ ಸೀರೆ ಉಡ್ಸಿದ್ದು ಯಾರ್ಗೆ ನಾನು?"

ಮಕ್ಕಳಿಗೊಂದು ಊರು ಕೊಡಿಸಲು ಹೋಗಿ ಮುದುಕಿಯ ದೇವರನ್ನೇ ಕಿತ್ತುಕೊಂಡೆನಲ್ಲ ಎಂದು ಮೇಡಂಗೆ ಜೀವ ಹಿಂಡಿತು. ಆಗ ಯಾದಗಿರಿ ಕಡೆಯ ಹುಡುಗಿ ಮಹಾದೇವಿ ಸೊಣ್ಣಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ನಮ್ಮೂರಾಗೂ ಇಂಥಾ ಕಲ್ಲು ಐತಿ ಅಜ್ಜಿ. ಕಳ್ಳರು ಊರ ದನಾ ಹೊಡ್ಕೊಂಡು ಹೊಂಟಾಗ ಬಿಡಿಸಾಕ ಹೋಗಿ ಒಬ್ಬಾಂವ ಸತ್ತಾನಂತ. ನಮ್ಮವ್ವ ದಿನಾ ಕೈ ಮುಗೀತಿದ್ಳು."

ಸೊಣ್ಣಮ್ಮ ಸೆರಗು ಸರಿಸಿ ಕಲ್ಲನ್ನು ಬಹಳ ಹೊತ್ತು ನೋಡಿದರು. "ದನ ಸಿಕ್ದ್ವಾ ಮೇಡಮ್ನೋರೇ?"

ಹೌದು ಅಂದುಬಿಡಬಹುದಿತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಅನ್ನಬಾರದು ಎಂದು ಮಕ್ಕಳಿಗೆ ಪಾಠ ಮಾಡಿದವರು ಅವರೇ. "ಕಲ್ಲಲ್ಲಿ ಅದು ಬರೆದಿಲ್ಲ ಸೊಣ್ಣಮ್ನೋರೇ."

"ಸಿಕ್ಕಿರ್ಬೇಕು ಕಣ್ರೀ. ದನಾನೂ ಓಗಿ ಆಳೂ ಓಗಿದ್ರೆ, ಇಷ್ಟ್ ದೊಡ್ ಕಲ್ ನಿಲ್ಸಕ್ಕೆ ಊರೋರ್ತಾವ ಏನಿರ್ತಿತ್ತು?"

ಮೇಡಂ ಮಕ್ಕಳ ಕಡೆ ತಿರುಗಿದರು. ಹುಡುಗರು ಯಾವಾಗಲೋ ಈ ಕಡೆ ತಿರುಗಿ, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಊಟದ ಮೇಲಿನ ಪೀರಿಯಡ್ಡು, ಒಬ್ಬರೂ ತೂಕಡಿಸುತ್ತಿರಲಿಲ್ಲ. ಹೆಮ್ಮೆಯಿಂದ ಮೇಡಂ ಕಣ್ಣು ತುಂಬಿ ಬಂತು. "ಅದೇ ಇತಿಹಾಸ ಓದೋದು ಅಂದ್ರೆ," ಅಂದರು.

ಆ ಶುಕ್ರವಾರವೇ ಕಲ್ಲಿಗೆ ಬಿಳಿ ಪಂಚೆ ಬಂತು, ಹೆಗಲಿಗೆ ಟವೆಲ್ಲು. ಹೆಸರು ಮಾತ್ರ ಬದಲಾಗಲಿಲ್ಲ. ಕರೆದು ರೂಢಿ, ಅವನೇನೂ ಬೇಜಾರು ಮಾಡ್ಕೊಳಲ್ಲ ಎಂದು ಸೊಣ್ಣಮ್ಮ ತೀರ್ಮಾನ ಕೊಟ್ಟರು.

ಈಗ ಒಂಬತ್ತನೇ ಕ್ಲಾಸಿನ ಇತಿಹಾಸ ಶುರುವಾಗುವುದೇ ಅಲ್ಲಿ. ಅನುಸೂಯಮ್ಮ ಮೇಡಂ ಮಕ್ಕಳ ಸಾಲಿನಲ್ಲಿ ಕೂತುಬಿಡುತ್ತಾರೆ. ಸೊಣ್ಣಮ್ಮ ಕತೆ ಪೂರ್ತಿ ಹೇಳಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಕೇಳುತ್ತಾರೆ:

"ದನ ಸಿಕ್ದ್ವೋ ಇಲ್ವೋ ಯೋಳ್ರಪ್ಪಾ. ಕಲ್ ನೋಡಿ ಯೋಳ್ಬೇಕು, ನನ್ ಮಕ ನೋಡಿ ಅಲ್ಲ."